ಇಂಗ್ಲಿಷ್ ಜೋಡಿ ಸ್ವರಗಳ ಉಚ್ಚಾರಣೆ: ನಾನು ಕಲಿಸುವ ಕ್ರಮ

ಎರಡು ಸ್ವರ ಒಟ್ಟಿಗೆ ಬಂದರೆ ಮೊದಲನೆಯದರ ಹೆಸರನ್ನು ಎಳೆದು ಹೇಳಬೇಕು, ಎರಡನೆಯದನ್ನು ಬಿಡಬೇಕು ಎನ್ನುವ ಸೂತ್ರ ಇನ್ನೂ ಚಾಲ್ತಿಯಲ್ಲಿದೆ. 1963ರಲ್ಲಿ ಥಿಯೊಡೋರ್ ಕ್ಲೈಮರ್ ಎಂಬ ಸಂಶೋಧಕರು ಅಮೆರಿಕದ ಪ್ರಾಥಮಿಕ ಶಾಲೆಯ ಪಠ್ಯಗಳಲ್ಲಿನ ಪದಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಶೇ. 45ರಷ್ಟು ಪದಗಳು ಮಾತ್ರ ಇದಕ್ಕೆ ಹೊಂದಿದವು. ಅದಕ್ಕೇ ನಾನು ಇದನ್ನು ಹೇಳಿಕೊಡುವುದಿಲ್ಲ. ಪ್ರತಿ ಜೋಡಿಗೂ ಮೊದಲ ಊಹೆ, ಎರಡನೆಯ ಊಹೆ, ಯಾವ ಅಕ್ಷರ ಮುಂದೆ ಬಂದಾಗ ಊಹೆ ಬದಲಾಗಬೇಕು, ಇಷ್ಟನ್ನು ಕೊಡುತ್ತೇನೆ.

ಇಲ್ಲಿ ಇ-ಎ ಎಂದು ಗೆರೆ ಹಾಕಿ ಬರೆದದ್ದು ಇಂಗ್ಲಿಷ್ ಅಕ್ಷರಗಳು (ea), 'ಈ' ಎಂದು ಚಿಹ್ನೆಯೊಳಗೆ ಬರೆದದ್ದು ಕನ್ನಡದ ದನಿ. ಮೊದಲು ನಂಬಿಕಸ್ತ ಜೋಡಿಗಳು. ಇ-ಇ ಬಂದರೆ 'ಈ': ಗ್ರೀನ್, ವೀಕ್. ಓ-ಎ ಬಂದರೆ 'ಓ': ಬೋಟ್, ರೋಡ್, ಕೋಟ್. ಇದಕ್ಕೆ ಒಪ್ಪದ ಪದ ಬ್ರಾಡ್. ಎ-ಐ ಪದದ ನಡುವೆ, ಎ-ವೈ ಪದದ ಕೊನೆಗೆ, ಎರಡಕ್ಕೂ 'ಏ'. ಕಣ್ಣಿಗೆ ಐ ಕಂಡಿತೆಂದು ಬಾಯಲ್ಲಿ 'ಐ' ಬಂದರೆ ಮೇಲ್ ಹೋಗಿ ಮೈಲ್ ಆಗುತ್ತದೆ, ಅರ್ಥವೇ ಬೇರೆ. ಸೆಡ್ (said), ಸೆಜ್ (says) ಇವನ್ನು ಬಿಡಿಯಾಗಿ ಕಲಿಯಬೇಕು. ಒತ್ತು ಬೀಳದ ಕೊನೆಯಲ್ಲಿ ಎ-ಐ-ಎನ್ ಇದ್ದರೆ ದನಿ ಸೊರಗುತ್ತದೆ: ಕ್ಯಾಪ್ಟನ್, ಕರ್ಟನ್, ಮೌಂಟನ್.

ಹೆಚ್ಚು ಸಮಯ ಬೇಡುವುದು ಇ-ಎ. ಮೊದಲ ಊಹೆ 'ಈ': ಟೀ, ಸೀಟ್, ಟೀಮ್. ಮುಂದೆ ಡಿ ಅಥವಾ ಟಿ-ಎಚ್ ಇದ್ದರೆ 'ಎ' ಪ್ರಯತ್ನಿಸಿ: ಬ್ರೆಡ್, ಹೆಡ್, ಡೆತ್, ಲೆದರ್. ಇಲ್ಲೂ ಬೀಡ್ ದೀರ್ಘವೇ. ಬ್ರೆತ್ ಕೊನೆಗೆ ಇ ಸೇರಿದರೆ ಬ್ರೀದ್. ಗ್ರೇಟ್, ಸ್ಟೇಕ್, ಮುರಿಯುವ ಅರ್ಥದ ಬ್ರೇಕ್, ಇವು ಮೂರು 'ಏ'. ಕಾರಣ ಇತಿಹಾಸದಲ್ಲಿದೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ಇ-ಎ ಮತ್ತು ಇ-ಇ ಬೇರೆ ಬೇರೆ ದೀರ್ಘ ಸ್ವರಗಳು. ಮುಂದೆ ಎರಡೂ 'ಈ' ಆಗಿ ಬೆರೆತವು, ಕೆಲವು ಪದ ಹ್ರಸ್ವವಾದವು, ಈ ಮೂರು ಬೆರೆಯದೆ ಉಳಿದವು. ಬರಹ ಮಾತ್ರ ಬದಲಾಗಲಿಲ್ಲ.

ಜೋಡಿಯ ನಂತರ ಆರ್ ಬಂದರೆ ಮೊದಲ ಊಹೆಯನ್ನು ನೆಚ್ಚಿಕೊಳ್ಳಬೇಡಿ. ಇದೇ ಇ-ಎ ಹಿಯರ್, ಬೇರ್, ಅರ್ತ್, ಹಾರ್ಟ್ ಎಂದು ನಾಲ್ಕು ಬಗೆಯಾಗುತ್ತದೆ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿಸುತ್ತೇನೆ.

ಓ-ಓ ಬಂದರೆ 'ಊ': ಮೂನ್, ಸ್ಕೂಲ್, ಫೂಡ್. ಇದನ್ನು ಫುಡ್ ಎನ್ನುವವರು ಬಹಳ. ಮುಂದೆ ಕೆ ಇದ್ದರೆ ಬಹುಪಾಲು ಹ್ರಸ್ವ: ಬುಕ್, ಕುಕ್, ಲುಕ್. ಗುಡ್, ಫುಟ್ ಕೂಡ ಹ್ರಸ್ವವೇ. ಬ್ಲಡ್, ಫ್ಲಡ್ ಎರಡರಲ್ಲಿ 'ಅ'. ಓ-ಯು ಇನ್ನೂ ಕಷ್ಟ: ಔಟ್, ಸೂಪ್, ಟಚ್. ಇದನ್ನು ಕೊನೆಗೆ ಕಲಿಸುವುದೇ ಒಳ್ಳೆಯದು.

ಪಕ್ಕಪಕ್ಕ ಕುಳಿತದ್ದೆಲ್ಲ ಜೋಡಿಯಲ್ಲ. ಕ್ರಿಯೇಟ್, ಲಯನ್, ಪೋಯಮ್, ಮ್ಯೂಸಿಯಮ್ ಪದಗಳಲ್ಲಿ ಎರಡು ಸ್ವರಕ್ಕೂ ಬೇರೆ ಬೇರೆ ದನಿ. ಚಪ್ಪಾಳೆ ತಟ್ಟಿ ಎಣಿಸಿದರೆ ತಿಳಿಯುತ್ತದೆ: ಗ್ರೇಟ್‌ಗೆ ಒಂದು, ಕ್ರಿಯೇಟ್‌ಗೆ ಎರಡು. ಕ್ಯೂ ಪಕ್ಕದ ಯು ಸ್ವರವೇ ಅಲ್ಲ. ಕ್ವೀನ್‌ನಲ್ಲಿ ಜೋಡಿ ಇರುವುದು ಅದರ ನಂತರ.

ನಮ್ಮ ನಾಲಿಗೆಯ ಅಭ್ಯಾಸವೊಂದನ್ನು ಬೇರೆಯಾಗಿ ತಿದ್ದಬೇಕು. ಆಡುಮಾತಿನಲ್ಲಿ 'ಎಲ್ಲಿ' ಯೆಲ್ಲಿ ಆಗುತ್ತದೆ, 'ಒಂದು' ವೊಂದು. ಅದೇ ರೂಢಿಯಲ್ಲಿ ಕಿವಿ ಎನ್ನುವ ಇಯರ್ ವರ್ಷ ಎನ್ನುವ ಯಿಯರ್ ಆಗುತ್ತದೆ, ಓಟ್ಸ್ ಹೋಗಿ ವೋಟ್ಸ್ ಆಗುತ್ತದೆ. 'ಓ' ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟದಂತೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಇನ್ನೊಂದು: ಡೇ, ಬೋಟ್ ಇವುಗಳ ಸ್ವರ ನಮ್ಮ 'ಏ', 'ಓ' ಹಾಗೆ ನಿಂತಲ್ಲೇ ನಿಲ್ಲುವುದಿಲ್ಲ. ಏ ಕೊನೆಯಲ್ಲಿ ಇ ಕಡೆಗೆ, ಓ ಉ ಕಡೆಗೆ ಜಾರುತ್ತದೆ.

ಅಭ್ಯಾಸಕ್ಕೆ ಒಂದು ಜೋಡಿಗೆ ಒಂದು ಪುಟ, ಅದರಲ್ಲಿ ಮೂರು ಕಾಲಂ: ಮೊದಲ ಊಹೆ, ಎರಡನೆಯದು, ಬಿಡಿ ಪದಗಳು. ದಿನಕ್ಕೆ 8 ಹೊಸ ಪದ ಸಾಕು. ಬರೆಯುವ ಮುನ್ನ ನಿಘಂಟಿನ ದನಿ ಕೇಳಿ, ನಿಮ್ಮದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ಮರುದಿನ ಕಾಲಂ ಮುಚ್ಚಿ, ಪದಗಳನ್ನು ಕಲಸಿ ಓದಿ. ಸಾಲಾಗಿ ಓದಿದರೆ ನಾಲಿಗೆ ಹಿಂದಿನ ಪದದ ದನಿಯನ್ನೇ ಎಳೆದುಕೊಂಡು ಹೋಗುತ್ತದೆ, ಕಲಿತದ್ದೆಷ್ಟು ಎಂದು ಗೊತ್ತಾಗುವುದಿಲ್ಲ.