ಹಳೇ ಯೆಜ್ಡಿ ಬಿಚ್ಚುವ ಮೊದಲು ಇಡ್ಲಿ ತಟ್ಟೆ ಹುಡುಕಿ

ಹಳೇ ಮೈಸೂರು ಕಡೆ ಇವತ್ತಿಗೂ ಯಾರದೋ ಹಿತ್ತಿಲಲ್ಲಿ, ತೆಂಗಿನ ಸೋಗೆಯ ಮರೆಯಲ್ಲಿ, ಸೀಟಿನ ಮೇಲೆ ಕೋಳಿ ಕೂರಿಸಿಕೊಂಡು ನಿಂತ ಜಾವಾ, ಯೆಜ್ಡಿ ಬೈಕುಗಳು ಸಿಗುತ್ತವೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇವನ್ನು ತಯಾರಿಸಿತು. ಮೊದಲು ಜಾವಾ ಹೆಸರು, ಎಪ್ಪತ್ತರ ದಶಕದಿಂದ ಯೆಜ್ಡಿ. ಅಂಥದ್ದೊಂದು ಕೈಗೆ ಬಂದರೆ ಬಹಳ ಜನ ಮೊದಲು ಓಡುವುದು ಪೇಂಟರ್ ಹತ್ತಿರ. ನಾನೂ ಓಡಿದ್ದೆ. ಮರೂನ್ ಹೊಡೆಸಿ, ಟ್ಯಾಂಕಿಗೆ ಚಿನ್ನದ ಗೆರೆ ಎಳೆಸಿ, ಆಮೇಲೆ ಎಂಜಿನ್ ಇಳಿಸಲು ಕೂತೆ. ಸ್ಪ್ಯಾನರ್ ಜಾರಿ ಫ್ರೇಮ್ ಗೀಚಿತು, ಚೆಲ್ಲಿದ ಪೆಟ್ರೋಲಿಗೆ ಗೆರೆ ಕರಗಿತು. ಹಾಗಾಗಿ ಈ ಲೇಖನದಲ್ಲಿ ಬಣ್ಣ ಕೊನೆಯಲ್ಲಿ ಬರುತ್ತದೆ.

ಕಾಗದ ಮೊದಲು

ಆರ್‌ಸಿ ಪುಸ್ತಕದ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯದಕ್ಕೆ ತಾಳೆಯಾಗುತ್ತದೆಯೇ ನೋಡಿ. ಆಗದಿದ್ದರೆ ದುಡ್ಡು ಕೊಡಬೇಡಿ, ಎಷ್ಟೇ ಅಗ್ಗವಿರಲಿ. 50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗೆ 2021ರ ಕೇಂದ್ರ ನಿಯಮದ ಪ್ರಕಾರ 'ವಿಎ' ಅಕ್ಷರವಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. 1978ರಲ್ಲಿ ಬಂದ ಯೆಜ್ಡಿಯ ರೋಡ್‌ಕಿಂಗ್ ಮಾದರಿ ಈ ಲೆಕ್ಕಕ್ಕೆ ಬರಲು 2028 ಆಗಬೇಕು. ದಿನಾ ಓಡಿಸುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಬಿಚ್ಚುವುದು

ವರ್ಷಗಟ್ಟಲೆ ನಿಂತ ಗಾಡಿಗೆ ಹೋದ ತಕ್ಷಣ ಕಿಕ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಲ್ಲಿ ಎರಡು ಮೂರು ಚಮಚ ಟೂ-ಟಿ ಎಣ್ಣೆ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಟ್ಟು, ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಅದುಮಿ. ಕಿಕ್ಕರ್ ಎಲ್ಲಿದೆ ಎಂದು ಹೊಸಬರು ಹುಡುಕುತ್ತಾರೆ: ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್.

ಪ್ರತಿ ಭಾಗ ಕಳಚುವ ಮೊದಲು ಮೊಬೈಲ್‌ನಲ್ಲಿ ಎರಡು ಕೋನದಿಂದ ಫೋಟೊ ತೆಗೆಯಿರಿ. ಬೋಲ್ಟುಗಳಿಗೆ ನಾನು ಕಂಡ ಅತ್ಯುತ್ತಮ ಪೆಟ್ಟಿಗೆ ಹಳೇ ಇಡ್ಲಿ ತಟ್ಟೆ. ಒಂದು ಕುಳಿಯಲ್ಲಿ ಒಂದು ಭಾಗದ ಬೋಲ್ಟು, ವಾಷರ್, ಶಿಮ್ (ಸಂದಿ ತುಂಬುವ ತೆಳು ಬಿಲ್ಲೆ). ಪಕ್ಕದಲ್ಲಿ ಮಾಸ್ಕಿಂಗ್ ಟೇಪಿನ ಮೇಲೆ ಹೆಸರು. ಮನೆಯಾಕೆಯ ಅನುಮತಿ ಪಡೆಯಿರಿ, ತಟ್ಟೆ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ. ಬಲಗಡೆಯ ಡೈನಮೊ, ಎಡಗಡೆಯ ಪ್ರೈಮರಿ ಸ್ಪ್ರಾಕೆಟ್ ಎರಡೂ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಮೊನಚು ತುದಿಗೆ ಬಿಗಿಯಾಗಿ ಕೂತಿರುತ್ತವೆ. ಪುಲ್ಲರ್ ಎಂಬ ಎಳೆಯುವ ಸಲಕರಣೆ ಹಾಕಿಯೇ ಎಳೆಯಬೇಕು. ಸುತ್ತಿಗೆ ಎತ್ತಿದರೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ.

ಎಂಜಿನ್ನಿನ ಗುಟ್ಟು ಎರಡು ರಬ್ಬರ್ ಉಂಗುರ

ಇಲ್ಲಿ ಸ್ವಲ್ಪ ನಿಲ್ಲೋಣ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಿಸಿಕೊಂಡು, ಆಮೇಲೆ ಮೇಲೇರುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಕೂಡ ಒಂದು ಪಂಪು, ಅದರಲ್ಲಿ ಎಲ್ಲೂ ಸೋರಿಕೆ ಇರಬಾರದು. ಕ್ರ್ಯಾಂಕಿನ ಎರಡೂ ಬದಿಯಲ್ಲಿ ಈ ಸೋರಿಕೆ ತಡೆಯುವವು ಆಯಿಲ್ ಸೀಲುಗಳು. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಇವು ಒಣಗಿದ ಹಪ್ಪಳದಂತಾಗಿರುತ್ತವೆ.

ಬಲಗಡೆ ಸೀಲ್ ಹೋದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅರಚುತ್ತದೆ, ಕಾಯುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಡಗಡೆಯದು ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆಸಿಕೊಂಡು ಸುಟ್ಟು, ಎರಡೂ ಸೈಲೆನ್ಸರ್‌ಗಳಿಂದ ಬೀದಿ ತುಂಬ ಬಿಳಿ ಹೊಗೆ. ಕಾರ್ಬುರೇಟರ್ ತಿರುಗಿಸಿ ತಿರುಗಿಸಿ ಸುಸ್ತಾದ ಎಷ್ಟೋ ಮಂದಿಯ ಕಾಯಿಲೆ ಇದೇ. ಪರೀಕ್ಷಿಸುತ್ತ ಕೂರಬೇಡಿ, ಎರಡನ್ನೂ ಬದಲಿಸಿ. ಕೇಸ್ ತೆರೆದಾಗ ಬೇರಿಂಗನ್ನೂ ಹೊಸದು ಮಾಡಿ.

ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಸಿಲಿಂಡರ್ ಸವೆದಿದ್ದರೆ 0.25 ಮಿಮೀ ಹೆಚ್ಚುವರಿಯ ಪಿಸ್ಟನ್ ಸಿಗುತ್ತದೆ, ಅದಕ್ಕೂ ಮೇಲೆ 0.50. ಮೊದಲು ಪಿಸ್ಟನ್ ಕೊಳ್ಳಿ. ಅದನ್ನು ಕೈಯಲ್ಲಿ ಹಿಡಿದೇ ಲೇತ್ ಅಂಗಡಿಗೆ ಹೋಗಿ, ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ಆದಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಚಾಕುವಿನಂತೆ ಹರಿತವಾಗಿರುತ್ತದೆ, ಅದನ್ನು ಸ್ವಲ್ಪ ಮೊಂಡಾಗಿಸಲೇಬೇಕು. ನನ್ನದನ್ನು ಹಾಗೇ ಕೊಟ್ಟರು, ನಾನೂ ಬೆರಳಾಡಿಸಿ ನೋಡಲಿಲ್ಲ. ಮೂವತ್ತು ಕಿಲೋಮೀಟರಿಗೆ ಪಿಸ್ಟನ್ ರಿಂಗ್ ಆ ಅಂಚಿಗೆ ಸಿಕ್ಕಿ ಮುರಿಯಿತು. ಕ್ರ್ಯಾಂಕಿನ ಕನೆಕ್ಟಿಂಗ್ ರಾಡ್ ಬದಲಿಸುವುದಂತೂ ಮನೆಗೆಲಸವಲ್ಲ, ಪ್ರೆಸ್ ಇರುವವರಿಗೇ ಬಿಡಿ.

ಟ್ಯಾಂಕು, ಸೈಲೆನ್ಸರ್

ತುಕ್ಕು ಹಿಡಿದ ಟ್ಯಾಂಕಿಗೆ ವಿನಿಗರ್ ತುಂಬಿ ಎರಡು ದಿನ ಬಿಡಿ. ಒಂದು ಹಿಡಿ ಹಳೇ ನಟ್ಟು ಹಾಕಿ ಕುಲುಕಿ, ಬಸಿದು, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆಯಿರಿ. ಒಣಗಿದ ತಕ್ಷಣ ಎಣ್ಣೆ ಬೆರೆಸಿದ ಪೆಟ್ರೋಲ್ ಒಳಗೆಲ್ಲ ಸವರದಿದ್ದರೆ ಸಂಜೆಗೆ ಮತ್ತೆ ಕೆಂಪಾಗುತ್ತದೆ. ತೂತಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ: ಖಾಲಿ ಟ್ಯಾಂಕಿನ ಆವಿಯೂ ಸ್ಫೋಟಿಸುತ್ತದೆ. ಸೈಲೆನ್ಸರ್ ಒಳಗಿನ ಬ್ಯಾಫಲ್‌ಗೆ (ಸದ್ದು ತಗ್ಗಿಸುವ ಒಳಕೊಳವೆ) ಕಟ್ಟಿದ ಮಸಿ ಕೆರೆದು ತೆಗೆಯಿರಿ, ಗಾಡಿ ಏರು ಹತ್ತದಿರಲು ಅದೊಂದೇ ಕಾರಣವಾಗಿರಬಹುದು.

ನಿಮ್ಮ ಕೈಚಳಕ ಎಲ್ಲಿ

ನನ್ನ ಅಳತೆಗೋಲು ಇಷ್ಟೇ: ವಾಪಸ್ ಮಾಡಲು ಆಗುವಂಥದ್ದನ್ನು ಮಾತ್ರ ಮಾಡಿ. 6 ವೋಲ್ಟಿನ ಮಿಣುಕು ದೀಪದಲ್ಲಿ ರಾತ್ರಿ ಚಾಮುಂಡಿ ಬೆಟ್ಟ ಇಳಿದವರಿಗೆ 12 ವೋಲ್ಟ್ ಕಿಟ್ ಯಾಕೆ ಬೇಕೆಂದು ಹೇಳಬೇಕಿಲ್ಲ. ಕಿಡಿಯ ಸಮಯ ನೋಡಿಕೊಳ್ಳುವ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸಿಡಿಐ, ಹೆಡ್‌ಲೈಟಿಗೆ ಎಲ್‌ಇಡಿ, ಇವು ಹೊರಗೆ ಕಾಣುವುದೂ ಇಲ್ಲ. ಹಳೇ ಸಾಮಾನನ್ನು ಡಬ್ಬಿಯಲ್ಲಿ ಎತ್ತಿಡಿ. ಫ್ರೇಮ್ ಕತ್ತರಿಸಿ ಬಾಬರ್ (ಹಿಂಭಾಗ ಮೊಟಕುಗೊಳಿಸಿದ ಬೈಕು) ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಈಗ ಬಣ್ಣ. ಎಂಜಿನ್ ಓಡಿಸಿ ನೋಡಿ, ಸೋರಿಕೆಯಿಲ್ಲ ಎಂದಾದ ಮೇಲೆ ಮತ್ತೆ ಕಳಚಿ ಹೊಡೆಸಿ. ಆರ್‌ಸಿಯಲ್ಲಿರುವ ಬಣ್ಣವೇ ಇರಲಿ. ಚಿನ್ನದ ಗೆರೆಗೆ ಸ್ಟಿಕರ್ ಅಂಟಿಸಬೇಡಿ, ಕುಂಚ ಹಿಡಿಯುವ ಹಳೇ ಕೈಗಳು ಇನ್ನೂ ಇವೆ.

ಮೊದಲ ಕಿಕ್

ಲೀಟರಿಗೆ 40 ಮಿಲಿ ಟೂ-ಟಿ ಎಣ್ಣೆ, ಬೇರೆ ಪಾತ್ರೆಯಲ್ಲಿ ಬೆರೆಸಿಯೇ ಟ್ಯಾಂಕಿಗೆ ಸುರಿಯಿರಿ. ಪ್ಲಗ್ ಗ್ಯಾಪ್ 0.6 ಮಿಮೀ, ಪಾಯಿಂಟ್ ಉಳಿಸಿಕೊಂಡಿದ್ದರೆ ಅದಕ್ಕೆ 0.4. ಮೊದಲ 500 ಕಿಲೋಮೀಟರ್ 50ರ ವೇಗ ದಾಟಬೇಡಿ, ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಲೂಬೇಡಿ. ಶುರುವಿಗೆ ದಟ್ಟ ಹೊಗೆ ಬಂದರೆ ಹೆದರಬೇಡಿ, ಜೋಡಿಸುವಾಗ ಸವರಿದ ಎಣ್ಣೆ ಅದು. ಹತ್ತು ನಿಮಿಷವಾದರೂ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲ್ ಮಟ್ಟವೂ ಇಳಿದಿದ್ದರೆ, ಎಡಗಡೆ ಸೀಲ್ ಮಡಚಿ ಕೂತಿದೆ. ಎಂಜಿನ್ ಇನ್ನೊಮ್ಮೆ ಇಳಿಸಬೇಕು.