ಶಿಕಾಗೋ ಚಳಿಗೆ ಬಗ್ಗದ ದಾಸವಾಳ: ನನ್ನ ಅನುಭವ

ಹೋದ ಗಣಪತಿ ಹಬ್ಬದ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ 31 ಕೆಂಪು ದಾಸವಾಳ ಅರಳಿದ್ದವು, ಒಂದೊಂದೂ ಊಟದ ತಟ್ಟೆಯಷ್ಟಗಲ. ಶಿಕಾಗೋ ಪಕ್ಕದ ಊರು ನಮ್ಮದು. "ಈ ಚಳೀಲಿ ದಾಸವಾಳ ಎಲ್ಲಿ ಬದುಕತ್ತೆ ಬಿಡಿ" ಅಂದವರೇ ಅವತ್ತು ಬುಟ್ಟಿ ಹಿಡಿದು ಬಂದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲ ಮೂರು ವರ್ಷ ನಮ್ಮ ಭಾರತದ ಕಡೆಯ ಜಾತಿಯನ್ನೇ ಕುಂಡದಲ್ಲಿ ಸಾಕಿದೆ. ಅಕ್ಟೋಬರಿಗೆ ಒಳಗೆ, ಮೇ ತಿಂಗಳಿಗೆ ಹೊರಗೆ. ಹೀಟರಿನ ಒಣಗಾಳಿಗೆ ಎಲೆ ಉದುರಿದವು, ಬಿಳಿ ನೊಣ, ಹಿಟ್ಟುತಿಗಣೆ ಬಂದವು, ಅಲ್ಲಿಂದ ಕರಿಬೇವಿಗೂ ಹತ್ತಿದವು. ಗಿಡ, ಕುಂಡ, ಒಳಗೆ ಬಿಸಿಲಿನ ಬದಲಿಗೆ ಗ್ರೋ ಲೈಟ್ ಅಂತ ಸುಮಾರು 250 ಡಾಲರ್ ಹೋಯಿತು. ಒಂದು ಗಿಡವನ್ನು ನೆಲದಲ್ಲೇ ಬಿಟ್ಟು ಮೊಣಕಾಲೆತ್ತರ ತರಗೆಲೆ ಹೊದಿಸಿಯೂ ನೋಡಿದೆ. ಉಳಿಯಲಿಲ್ಲ.

2016ರ ಬೇಸಿಗೆ ಮುಗಿಯುವಾಗ ರಿಯಾಯಿತಿಯಲ್ಲಿ 12 ಡಾಲರಿಗೆ ಹಾರ್ಡಿ ಹೈಬಿಸ್ಕಸ್, ಅಂದರೆ ಚಳಿ ತಡೆಯುವ ದಾಸವಾಳ, ತಂದೆ. ಇದು ಈ ನಾಡಿನ ಜೌಗು ನೆಲದ್ದೇ ಗಿಡ, ಚಳಿಗಾಲದಲ್ಲಿ ಬುಡದವರೆಗೂ ಒಣಗುತ್ತದೆ. ಮರುವರ್ಷ ಏಪ್ರಿಲ್ ಮುಗಿದರೂ ಚಿಗುರಿಲ್ಲ. ಅತ್ತೆ ಬಂದಿದ್ದರು. "ಸತ್ತೋಗಿದೆ ಕಣೇ, ಕಿತ್ತಾಕು" ಅಂದರು. ಕಿತ್ತೆ. ಬೇರು ಮುರಿದಾಗ ಒಳಗೆ ಹಸಿಯಾಗಿ, ಬೆಳ್ಳಗಿತ್ತು. ಬುಡದಲ್ಲಿ ಹೆಸರುಕಾಳಿನಷ್ಟು ಮೊಗ್ಗುಗಳು! ಮತ್ತೆ ನೆಟ್ಟೆ, ಬದುಕಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಈಗ ಒಣಗಿದ ಕಡ್ಡಿಯನ್ನು ಗೇಣುದ್ದ ಗುರುತಿಗೆ ಬಿಡುತ್ತೇನೆ, ಜೂನ್ ಹುಟ್ಟುವ ತನಕ ಯಾರೂ ಅಲ್ಲಿ ಸಲಿಕೆ ಹಾಕುವಂತಿಲ್ಲ.

ಆಮೇಲೆ ತಂದ ಎರಡರಲ್ಲಿ ಒಂದನ್ನು ಮರಳು ಬೆರೆಸಿದ ಎತ್ತರದ ಪಾತಿಯಲ್ಲಿ ನೆಟ್ಟೆ, ನೀರು ನಿಲ್ಲಬಾರದು ಅಂತ. ಮೊಗ್ಗೆಲ್ಲ ಉದುರಿದವು. ಇನ್ನೊಂದನ್ನು ಬೇರೆ ಜಾಗ ಸಿಗದೆ, ಬೇಸ್‌ಮೆಂಟಿನ ನೆಲದಡಿ ಸೇರುವ ನೀರನ್ನು ಸಂಪ್ ಪಂಪ್ ಎತ್ತಿ ಹೊರಗೆ ಚೆಲ್ಲುವ ಕಡೆ ಜಿಗಟು ಮಣ್ಣಿನಲ್ಲಿ ನೆಟ್ಟಿದ್ದೆ. ಗೆದ್ದದ್ದು ಅದೇ! ದಿನವಿಡೀ ಬಿಸಿಲು, ಬುಡದಲ್ಲಿ ಸದಾ ತೇವ. 2019ರ ಜನವರಿ 30ರಂದು ಇಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತಲ್ಲ, ಆ ಚಳಿಯನ್ನೂ ತಡೆದುಕೊಂಡು ಮೇ ಕೊನೆಯ ವಾರ ಚಿಗುರಿತು. ಆಗಸ್ಟಿಗೆ ನನ್ನ ಭುಜದೆತ್ತರ.

ಚಿಗುರು ಒಂದಡಿ ಆದಾಗ ತುದಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಎರಡನೇ ಸಲ ಯಾವಾಗ ಚಿವುಟಿದರೆ ಹಬ್ಬದ ಹೊತ್ತಿಗೆ ಸರಿಯಾಗಿ ಹೂ ಸಿಗುತ್ತದೆ ಅನ್ನುವ ಲೆಕ್ಕ ಮಾತ್ರ ನನ್ನಲ್ಲೇ ಇರಲಿ.

ಹುಳದ ಕಾಟ ಉಂಟು. ಒಂದು ಜೂನಿನಲ್ಲಿ ಎಲೆಯೆಲ್ಲ ಜಾಳಿಗೆಯಾಯಿತು. ಕಂಬಳಿಹುಳ ಅಂದುಕೊಂಡು 18 ಡಾಲರ್ ಕೊಟ್ಟು ಬಿಟಿ ಅನ್ನುವ, ಕಂಬಳಿಹುಳ ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ ಸಿಂಪಡಿಸಿದೆ, ಹುಳ ಜಗ್ಗಲಿಲ್ಲ. ಅದು ಸಾಫ್ಲೈ ಅನ್ನುವ ಕಣಜದ ಬಳಗದ ಕೀಟದ ಮರಿ, ಕಂಬಳಿಹುಳದ ಜಾತಿಯೇ ಅಲ್ಲ, ಬಿಟಿ ಅದಕ್ಕೆ ತಾಗುವುದಿಲ್ಲ. ಈಗ ಎಲೆಯ ಅಡಿ ನೋಡಿ ಕೈಯಲ್ಲೇ ಹೊಸಕುತ್ತೇನೆ. ಎಲೆ, ಹೂ ತಿನ್ನುವ ಜಪಾನೀಸ್ ಬೀಟಲ್‌ಗಳನ್ನು ಬೆಳಿಗ್ಗೆ ಅವು ಮಂಪರಿನಲ್ಲಿರುವಾಗಲೇ ಸೋಪಿನ ನೀರಿಗೆ ಕೆಡವುತ್ತೇನೆ. ಈ ಬೀಟಲ್ ಹಿಡಿಯಲು ಮಾರುವ ವಾಸನೆಯ ಬಲೆ ಮಾತ್ರ ತರಬೇಡಿ, ಪಕ್ಕದ ಮನೆಯವುಗಳನ್ನೂ ಕರೆತರುತ್ತದೆ.

ಎಲೆ ರುಬ್ಬಿ ತಲೆಗೂ ಹಚ್ಚಿ ನೋಡಿದೆ. ಲೋಳೆ ಬರುತ್ತದೆ, ಊರಿನ ದಾಸವಾಳದಷ್ಟು ನುಣುಪಿಲ್ಲ.

ಬೀಜವನ್ನೂ ಬಿಡಲಿಲ್ಲ. ಸಿಪ್ಪೆ ಗಟ್ಟಿ, ಮರಳು ಕಾಗದಕ್ಕೆ ತಿಕ್ಕಿ ರಾತ್ರಿಯಿಡೀ ಬೆಚ್ಚಗಿನ ನೀರಿನಲ್ಲಿ ನೆನೆಸಿದೆ. ಇಪ್ಪತ್ತರಲ್ಲಿ ಹದಿನಾಲ್ಕೋ ಹದಿನೈದೋ ಮೊಳೆತವು. ತಾಯಿ ಗಿಡ ಹೈಬ್ರಿಡ್ ಆದ್ದರಿಂದ ಕೆಂಪು ಬಂದದ್ದು ನಾಲ್ಕಕ್ಕೇ, ಮಿಕ್ಕವು ಗುಲಾಬಿ ಬಣ್ಣ. ಒಂದೇ ಒಂದು ಬಿಳಿ, ನಡುವೆ ಕೆಂಪು ಕಣ್ಣು. ಅದನ್ನು ಅತ್ತೆ ಸೋಮವಾರದ ಶಿವಪೂಜೆಗೆ ಅಂತ ಮೀಸಲಿಟ್ಟಿದ್ದಾರೆ, ಯಾರಿಗೂ ಕೀಳಲು ಬಿಡುವುದಿಲ್ಲ.