ನಿನ್ನೆಗಿಂತ ಎಷ್ಟು ಹೆಚ್ಚು? ಫೋಲ್ಡರ್‌ಗಳ ಲೆಕ್ಕವಿಟ್ಟ ನನ್ನ ಅನುಭವ

ತುಮಕೂರಿನ ಬಿ.ಎಚ್. ರಸ್ತೆಯ ಮುದ್ರಣಾಲಯವೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ವಿನ್ಯಾಸಕರೆಲ್ಲರ ಕಡತಗಳೂ ಒಂದೇ ಲಿನಕ್ಸ್ ಸರ್ವರ್‌ನಲ್ಲಿರುತ್ತವೆ. ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆ, ಶಿವರಾತ್ರಿ ಹತ್ತಿರವಾದರೆ ಸಿದ್ಧಗಂಗೆ ಜಾತ್ರೆಯ ಫ್ಲೆಕ್ಸ್. ಡಿಸ್ಕ್ ಏಕೆ ತುಂಬುತ್ತದೆ ಎಂದು ಯಾರೂ ಕೇಳುವುದಿಲ್ಲ. ತುಂಬಿಸಿದವರು ಯಾರು ಎಂದೇ ಮಾಲೀಕರ ಪ್ರಶ್ನೆ.

ಫೋಲ್ಡರ್ ಗಾತ್ರ ತಿಳಿಯಲು ‘ಡಿಯು’ (du) ಆದೇಶವಿದೆ. ಆದರೆ ದೊಡ್ಡ ಫೋಲ್ಡರ್‌ಗಳ ಪಟ್ಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹಳೆಯ ಸ್ಮರಣ ಸಂಚಿಕೆಗಳ ಫೋಲ್ಡರ್ ವರ್ಷಗಳಿಂದ ಅಲುಗಿಲ್ಲ, ಆದರೂ ಪಟ್ಟಿಯ ತಲೆಯಲ್ಲಿ ಅದೇ. ನನಗೆ ಬೇಕಿದ್ದದ್ದು ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ. ಹಾಗಾಗಿ ರಾತ್ರಿ ಎಲ್ಲರೂ ಹೊರಟ ಮೇಲೆ ಕ್ರಾನ್ (ನಿಗದಿತ ಹೊತ್ತಿಗೆ ಆದೇಶಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮೂಲಕ ಓಡಿ, ಅಂದಿನ ಗಾತ್ರಗಳ ಪಟ್ಟಿಯನ್ನು ಹಿಂದಿನ ದಿನದ್ದರೊಡನೆ ಹೋಲಿಸುವ ಸಣ್ಣ ಸ್ಕ್ರಿಪ್ಟ್, ಅಂದರೆ ಆದೇಶಗಳ ಸರಣಿ, ಬರೆದೆ. ಡಿಯು ಪ್ರತಿಯೊಂದು ಕಡತದ ವಿವರವನ್ನೂ ತಡವುವುದರಿಂದ ಹಗಲಿನಲ್ಲಿ ಓಡಿಸಿದರೆ ಎಲ್ಲರ ಕೆಲಸವೂ ಕುಂಟುತ್ತದೆ.

ಕಣ್ಣಿಗೆ ಚೆಂದವೆಂದು ಎಲ್ಲರೂ ಡಿಯು ಜೊತೆ ಬಳಸುವ ‘-ಎಚ್’ (-h) ಆಯ್ಕೆ ಸ್ಕ್ರಿಪ್ಟ್‌ಗೆ ಬೇಡ. 900ಎಂ, 1.2ಜಿ ಎಂದು ಬಂದರೆ ಒಂದರಿಂದ ಇನ್ನೊಂದನ್ನು ಕಳೆಯುವುದು ರಗಳೆ. ‘-ಕೆ’ (-k) ಕೊಟ್ಟರೆ ಎಲ್ಲವೂ 1024 ಬೈಟ್‌ಗಳ ಲೆಕ್ಕದಲ್ಲಿ ಬರಿಯ ಅಂಕಿಯಾಗಿ ಬರುತ್ತವೆ. ‘-ಎಕ್ಸ್’ (-x) ಕೊಟ್ಟರೆ ಯಾರೋ ಸಿಕ್ಕಿಸಿಟ್ಟ ಬೇರೆ ಡಿಸ್ಕ್ ಲೆಕ್ಕಕ್ಕೆ ಸೇರುವುದಿಲ್ಲ. ಅಂಕಿಗೂ ಫೋಲ್ಡರ್ ಹೆಸರಿಗೂ ನಡುವೆ ಡಿಯು ಇಡುವುದು ಟ್ಯಾಬ್. ‘ಲಗ್ನಪತ್ರಿಕೆ ಹೊಸದು ಫೈನಲ್ 2’ ಎಂದು ಹೆಸರಿಡುವವರ ನಡುವೆ ಇದು ದೊಡ್ಡ ಉಪಕಾರ: ಸಾಲುಗಳನ್ನು ತುಂಡರಿಸಿ ಓದುವ ‘ಆಕ್’ (awk) ಪ್ರೋಗ್ರಾಂಗೆ ಟ್ಯಾಬ್‌ನಲ್ಲಿ ಮಾತ್ರ ತುಂಡರಿಸು ಎಂದು ಹೇಳಿದರೆ ಹೆಸರಿನೊಳಗಿನ ಖಾಲಿ ಜಾಗಗಳು ಕಾಟ ಕೊಡುವುದಿಲ್ಲ. ಪಟ್ಟಿಯನ್ನು ಮೊದಲು ತಾತ್ಕಾಲಿಕ ಕಡತಕ್ಕೆ ಬರೆಸಿ, ಪೂರ್ತಿಯಾದ ಮೇಲೆ ದಿನಾಂಕದ ಹೆಸರಿಗೆ ಬದಲಿಸುತ್ತೇನೆ. ನಡುವೆ ಕರೆಂಟ್ ಹೋದರೆ ಅರ್ಧ ಪಟ್ಟಿಯೊಡನೆ ಹೋಲಿಕೆ ನಡೆಯಬಾರದಲ್ಲ!

ಮೊದಲ ಹೋಲಿಕೆಯಲ್ಲೇ ತಲೆ ಎತ್ತಿದ್ದು ಯಾವ ವಿನ್ಯಾಸಕರ ಫೋಲ್ಡರೂ ಅಲ್ಲ, ಸರ್ವರ್‌ನ ಫೋಲ್ಡರ್‌ಗಳನ್ನು ಎಲ್ಲರ ಕಂಪ್ಯೂಟರ್‌ಗೂ ಹಂಚುವ ಸಾಂಬಾ (Samba) ತಂತ್ರಾಂಶದ ಕಸದ ಬುಟ್ಟಿ ‘.ರಿಸೈಕಲ್’ (.recycle). ಅಳಿಸಿದ ಫ್ಲೆಕ್ಸ್ ಕಡತಗಳೆಲ್ಲ ಅಲ್ಲಿ ಹಾಯಾಗಿ ಬಿದ್ದಿದ್ದವು. ಡಿಯು ಮುಂದೆ ನಕ್ಷತ್ರ ಚಿಹ್ನೆ ಹಾಕಿ ನೋಡುವವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಶೆಲ್ (ನಾವು ಟೈಪಿಸಿದ ಆದೇಶ ಓದುವ ಪ್ರೋಗ್ರಾಂ) ಬಿಟ್ಟುಬಿಡುತ್ತದೆ. ಮೇಲಿನ ಫೋಲ್ಡರನ್ನೇ ಕೊಟ್ಟು ‘ಮ್ಯಾಕ್ಸ್-ಡೆಪ್ತ್=1’ (--max-depth=1, ಒಂದೇ ಹಂತ ಕೆಳಗಿನವರೆಗೆ ತೋರಿಸು) ಎಂದರೆ ಅವೂ ಬರುತ್ತವೆ.

ಬ್ಯಾಕಪ್ ಡಿಸ್ಕ್‌ನ ಕಥೆಯೇ ಬೇರೆ. ಕಡತಗಳನ್ನು ನಕಲಿಸುವ ಆರ್‌ಸಿಂಕ್‌ (rsync) ಪ್ರೋಗ್ರಾಂನ ‘ಲಿಂಕ್-ಡೆಸ್ಟ್’ (--link-dest) ಬಳಸಿದರೆ ಬದಲಾಗದ ಕಡತಗಳಿಗೆ ಹೊಸ ನಕಲಿನ ಬದಲು ಹಾರ್ಡ್ ಲಿಂಕ್, ಅಂದರೆ ಅದೇ ಕಡತಕ್ಕೆ ಇನ್ನೊಂದು ಹೆಸರು, ಮಾತ್ರ ಬೀಳುತ್ತದೆ. ಒಂದೊಂದು ದಿನದ ಫೋಲ್ಡರನ್ನೂ ಬೇರೆ ಬೇರೆಯಾಗಿ ಅಳೆದರೆ ಪ್ರತಿಯೊಂದೂ ಪೂರ್ಣ ಗಾತ್ರ ತೋರಿಸುತ್ತದೆ; ಕೂಡಿಸಿದರೆ ಡಿಸ್ಕ್‌ಗಿಂತ ದೊಡ್ಡ ಮೊತ್ತವೂ ಬರಬಹುದು. ಒಂದೇ ಡಿಯು ಆದೇಶಕ್ಕೆ ಎಲ್ಲವನ್ನೂ ಕೊಟ್ಟರೆ ಒಂದು ಕಡತವನ್ನು ಒಮ್ಮೆಯೇ ಎಣಿಸುತ್ತದೆ.

ಕೆಲವೊಮ್ಮೆ ಇಡೀ ಡಿಸ್ಕ್‌ನ ಜಾಗ ಹೇಳುವ ‘ಡಿಎಫ್’ (df) ಆದೇಶ ಡಿಸ್ಕ್ ತುಂಬಿದೆ ಎನ್ನುತ್ತದೆ, ಡಿಯು ಮೊತ್ತ ಮಾತ್ರ ಅಷ್ಟಕ್ಕೆ ಮುಟ್ಟುವುದಿಲ್ಲ. ಅಳಿಸಿದ ಕಡತವನ್ನು ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದರೆ ಹೀಗಾಗುತ್ತದೆ. ಹೆಸರು ಹೋಗಿರುತ್ತದೆ, ಜಾಗ ಬಿಟ್ಟಿರುವುದಿಲ್ಲ. ‘ಎಲ್‌ಎಸ್‌ಒಎಫ್ +ಎಲ್1’ (lsof +L1) ಆದೇಶ ಅಂಥವುಗಳನ್ನು ತೋರಿಸುತ್ತದೆ. ನಮ್ಮಲ್ಲಿ ಅದು ಬಹುತೇಕ ಯಾವುದಾದರೂ ಲಾಗ್ (ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆದಿಡುವ) ಕಡತವೇ. ಆ ಪ್ರೋಗ್ರಾಂ ಅನ್ನು ಮತ್ತೆ ಚಾಲೂ ಮಾಡಿದರೆ ಜಾಗ ಮರಳುತ್ತದೆ.